ಅಟ್ಲಾಂಟಿಕ್ ಕಿಟಕಿಯಲ್ಲಿ ಕೆಂಚಮ್ಮ

ಸಮಾಜ ವಿಜ್ಞಾನಕ್ಕೆ ಹೊಸದಾಗಿ ನೇಮಕವಾದ ಇಬ್ಬರು, ಒಬ್ಬ ಹುಡುಗ ಒಬ್ಬ ಹುಡುಗಿ, ಹೋದ ವಾರ ಆಲಸನತ್ತಂನ ನಮ್ಮ ಮನೆ ಹುಡುಕಿಕೊಂಡು ಬಂದಿದ್ದರು. ಕಾಫಿ ಮುಗಿಸಿ ಹುಡುಗಿ ಕೇಳಿದಳು, "ಸಾರ್, ಸಿಲಬಸ್ ಟೈಮಿಗೆ ಮುಗಿಸೋದು ಹೇಗೆ?" ಮೂವತ್ತೊಂದು ವರ್ಷದಲ್ಲಿ ನಾನು ಒಂದು ಸಲವೂ ಮುಗಿಸಿಲ್ಲ ಎಂದೆ. ಇಬ್ಬರ ಮುಖವೂ ಸಪ್ಪಗಾಯಿತು. ಅಷ್ಟು ದೂರದಿಂದ ಬಂದವರನ್ನು ಬರಿಗೈಯಲ್ಲಿ ಕಳಿಸಿದೆನಲ್ಲ ಎಂಬ ಸಂಕಟಕ್ಕೆ ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ಸನ್ಮಾನ, ಶಾಲು ಇವೆಲ್ಲ ಇದರಲ್ಲಿ ಇಲ್ಲ. ಶಾಲು ಬಂದದ್ದು ಒಂದೇ, ಅದನ್ನು ನನ್ನ ಹೆಂಡತಿ ಗ್ರೈಂಡರಿಗೆ ಹೊದಿಸಿದ್ದಾಳೆ.

ನಮ್ಮ ಶಾಲೆ ಗಡಿಯಾಚೆ ತಮಿಳು ಸೀಮೆಯಲ್ಲಿ, ರಾಯಕೋಟೆಯಿಂದ ಟೌನ್ ಬಸ್ಸಿನಲ್ಲಿ ಅರ್ಧ ಗಂಟೆ. ತಮಿಳು ಮಾಧ್ಯಮದವರಿಗೆ ಮುಂದುಗಡೆ ಎರಡಂತಸ್ತಿನ ಕಟ್ಟಡ. ಕನ್ನಡ ಮಾಧ್ಯಮದ ನಮಗೆ ಹಿಂದುಗಡೆ ಹೆಂಚಿನ ಕೋಣೆ, ಅದರ ಮಗ್ಗುಲಲ್ಲೇ ಮಧ್ಯಾಹ್ನದ ಊಟದ ಅಡುಗೆಮನೆ. ಇತಿಹಾಸದ ಪೀರಿಯಡ್ಡು ಊಟದ ಬೆಲ್ಲಿಗೆ ಮುಂಚಿನದು. ಸಾರಿಗೆ ಒಗ್ಗರಣೆ ಬಿದ್ದ ಮೇಲೆ ಯಾವ ಸಾಮ್ರಾಜ್ಯ ಎದ್ದರೂ ಬಿದ್ದರೂ ಮಕ್ಕಳಿಗೆ ಅದರ ಗೊಡವೆ ಇರುತ್ತಿರಲಿಲ್ಲ.

ಪಠ್ಯದಲ್ಲಿ ಸ್ಪೇನಿನ ಕಥೆ ಒಂದೂವರೆ ಪುಟ. ಕಡಲು ದಾಟಿದರು, ಗೆದ್ದರು, ಬೆಳ್ಳಿ ತಂದರು, ಕೊಬ್ಬಿದರು, ಸೋತರು, ಮನೆಗೆ ಬಂದರು. ಉಳಿದ ಮೇಷ್ಟ್ರುಗಳು ಅದನ್ನು ಒಂದು ಪೀರಿಯಡ್ಡಿನಲ್ಲಿ ಮುಗಿಸಿ ಕೈ ತೊಳೆದುಕೊಳ್ಳುತ್ತಿದ್ದರು. ನಾನು ಮೂರು ವಾರ ಎಳೆಯುತ್ತಿದ್ದೆ. ನಮ್ಮ ಹೆಡ್‌ಮಾಸ್ಟರ್ ತಮಿಳಿನವರು, ಒಳ್ಳೆಯವರೇ, ಆದರೆ ಸಹನೆ ಕಡಿಮೆ. ವರಾಂಡದಲ್ಲಿ ಸಿಕ್ಕಾಗಲೆಲ್ಲ "ಸಾರ್, ಸ್ಪೇನ್ ಇನ್ನುಮಾ ಮುಡಿಯಲೆ?" ಅನ್ನುತ್ತಿದ್ದರು. ಸ್ಪೇನ್ ಇನ್ನೂ ಮುಗಿದಿಲ್ಲವೇ ಎಂದು. ಮುನ್ನೂರು ವರ್ಷ ಆಳಿದವರನ್ನು ಮೂರು ವಾರದಲ್ಲಿ ಮುಗಿಸುತ್ತಿದ್ದೇನಲ್ಲ ಸಾರ್, ಅದಕ್ಕಿಂತ ಬೇಗ ಯಾರು ಮುಗಿಸುತ್ತಾರೆ ಎಂದು ನಾನು. ಊರಿನಲ್ಲಿ ನನಗೆ ಸ್ಪೇನ್ ಮೇಷ್ಟ್ರು ಎಂದೇ ಹೆಸರು ಬಿತ್ತು.

ನನಗೆ ಆ ಹುಚ್ಚು ಹತ್ತಿದ್ದು ಟೊಮೇಟೊದಿಂದ. ಅದರ ಲೋಡು ನೋಡಿಕೊಂಡೇ ಬೆಳೆದವನು ನಾನು. ಟೊಮೇಟೊ, ಮೆಣಸಿನಕಾಯಿ, ಕಡಲೆಕಾಯಿ, ಸೀಬೆ, ಪರಂಗಿ, ಹಬ್ಬಕ್ಕೆ ಬಾಗಿಲಿಗೆ ಕಟ್ಟುವ ಚೆಂಡುಹೂ, ಇವೆಲ್ಲ ಮೂಲದಲ್ಲಿ ಅಮೇರಿಕ ಖಂಡದವು, ಸ್ಪೇನಿನವರು ಆ ನೆಲ ಹಿಡಿದ ಮೇಲೆ ಹೊರಬಿದ್ದು, ಪೋರ್ಚುಗೀಸರ ಹಡಗು ಗಿಡಗು ಹತ್ತಿ ನಮ್ಮ ಕಡೆ ಬಂದವು ಎಂದು ಬಿ.ಎಡ್. ಓದುವಾಗ ಗೊತ್ತಾದ ದಿನ ನನಗೆ ಊಟ ಸೇರಲಿಲ್ಲ. ತಟ್ಟೆಯಲ್ಲಿ ನಮ್ಮದು ಅಂತ ಉಳಿದದ್ದು ರಾಗಿ ಮುದ್ದೆ ಮಾತ್ರ ಅನ್ನಿಸಿತ್ತು. ಅದೂ ಆಫ್ರಿಕಾದಿಂದ ಬಂದದ್ದು ಎಂದು ಆಮೇಲೆ ಯಾರೋ ಹೇಳಿದರು, ನಾನು ಕೇಳಿಸಿಕೊಳ್ಳಲಿಲ್ಲ.

ಈ ಮಾತನ್ನು ತರಗತಿಯಲ್ಲಿ ಹೇಳಿ ಪೇಚಿಗೆ ಸಿಕ್ಕಿಕೊಂಡದ್ದೂ ಉಂಟು. ಗುರಪ್ಪ ಎಂಬ ರೈತರ ಮಗ ಅದನ್ನು ಕೇಳಿಕೊಂಡು ಹೋಗಿ, ಟೊಮೇಟೊ ಅಮೇರಿಕದವರದ್ದು, ನಾನು ಯಾಕೆ ನೀರು ಕಟ್ಟಲಿ ಎಂದು ತೋಟದಲ್ಲಿ ಕೂತುಬಿಟ್ಟನಂತೆ. ಮಾರನೆಯ ದಿನ ಗುರಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಜಮೀನಿನ ಕಾಗದಪತ್ರ ಸುತ್ತಿಕೊಂಡು ಸೀದಾ ತರಗತಿಗೇ ಬಂದರು.

"ಸಾ, ನಮ್ ತ್ವಾಟ ಅಮೇರಿಕದೋರ್ದು ಅಂತ ಹೇಳ್ಕೊಟ್ಟಿದೀರಂತೆ. ಇಲ್ ನೋಡಿ, ಪಟ್ಟಾ ನಮ್ಮಪ್ಪನ ಹೆಸ್ರಲ್ಲೈತೆ. ಚಿಟ್ಟಾ ನನ್ ಹೆಸ್ರಲ್ಲೈತೆ. ಇದ್ರಾಗೆ ಎಲ್ಲಾದ್ರೂ ಸ್ಪೇನು ಅಂತ ಬರ್ದೈತಾ?"

ನಾನು ಎರಡೂ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ಓದಿ ನೋಡಿ, ಇಲ್ಲ ಎಂದೆ.

"ಇಲ್ವಲ್ಲ. ಅಂಗಾದ್ರೆ ಆ ಬಡ್ಡೀಮಗನ್ಗೆ ಒಂದ್ ಮಾತು ಹೇಳ್ಬುಡಿ. ನಿನ್ನೆಯಿಂದ ಗಿಡ ಬಾಡ್ತಾವೆ."

ಗಿಡ ಬಂದದ್ದು ಅಲ್ಲಿಂದ, ನೆಲ ನೀರು ನಿಮ್ಮವು, ನೀನು ನೀರು ಕಟ್ಟಲೇಬೇಕು ಎಂದು ಹುಡುಗನಿಗೆ ತೀರ್ಪು ಕೊಟ್ಟೆ. ಸಂಜೆಗೆ ಗುರಪ್ಪ ಅಡುಗೆಮನೆಗೆ ಅರ್ಧ ಕ್ರೇಟು ಟೊಮೇಟೊ ಕಳಿಸಿದ್ದರು.

ಆ ಅಡುಗೆಮನೆಯಲ್ಲಿ ಸಹಾಯಕಿಯಾಗಿದ್ದವಳು ಕೆಂಚಮ್ಮ. ಅವಳ ವಿಷಯಕ್ಕೆ ಬರುವ ಮುಂಚೆ ನಮ್ಮ ಗೋಡೆಯ ಭೂಪಟದ ವಿಷಯ ಹೇಳಬೇಕು.

ಕನ್ನಡದಲ್ಲಿ ಬರೆದ ಪ್ರಪಂಚದ ಭೂಪಟ ನಮಗೆ ಸರಬರಾಜಾಗಲೇ ಇಲ್ಲ. ಕೇಳಿ ಕೇಳಿ ಸಾಕಾಗಿ, ಲಾರಿಗಳ ಹಿಂದೆ ಚಿತ್ರ ಬರೆಯುತ್ತಿದ್ದ ಶೇಷಣ್ಣ ಎಂಬವನನ್ನು ಕೃಷ್ಣಗಿರಿಯಿಂದ ಕರೆತಂದು, ನನ್ನ ಅಂಗೈಯಗಲದ ಅಟ್ಲಾಸನ್ನು ಅವನ ಕೈಗೆ ಕೊಟ್ಟು, ಗೋಡೆ ತೋರಿಸಿದೆ. ಶೇಷಣ್ಣ ಎಡಗಡೆಯಿಂದ ಶುರುಮಾಡಿದ. ಎರಡು ಅಮೇರಿಕಗಳೂ ಸೊಗಸಾಗಿ, ಧಾರಾಳವಾಗಿ ಬಂದವು. ಅಷ್ಟರಲ್ಲಿ ಗೋಡೆಯ ನಡುವಿನ ಕಿಟಕಿ ಅಡ್ಡ ಬಂತು. ಅವನು ಕಿಟಕಿಯನ್ನು ಅಟ್ಲಾಂಟಿಕ್ ಸಮುದ್ರಕ್ಕೆ ಬಿಟ್ಟುಕೊಟ್ಟು, ಆಚೆ ಕಡೆ ಸ್ಪೇನು, ಆಫ್ರಿಕ ಬರೆದ. ಏಷ್ಯಾಕ್ಕೆ ಬರುವ ಹೊತ್ತಿಗೆ ಜಾಗ ಸಾಲದೆ ಇಂಡಿಯಾ ಬಡವಾಯಿತು, ಚೀನಾ ಮೂಲೆಗೆ ಮುದುಡಿಕೊಂಡಿತು. ಫಿಲಿಪ್ಪೀನ್ಸಿಗೆ ಗೋಡೆಯೇ ಇರಲಿಲ್ಲ. ಅದನ್ನು ಅವನು ಪಕ್ಕದ ಗೋಡೆಗೆ ತಿರುಗಿಸಿ ಬರೆದು ಮುಗಿಸಿದ. ಕೈ ಸುಮ್ಮನಿರದೆ ಪೆಸಿಫಿಕ್ ಸಾಗರದಲ್ಲಿ ಎರಡು ಕಮಲದ ಹೂವಿಟ್ಟು, ನಡುವೆ 'ಸೌಂಡ್ ಹಾರ್ನ್' ಎಂದೂ ಬರೆದ. ಎಷ್ಟೋ ವರ್ಷ ನಮ್ಮ ಮಕ್ಕಳ ನೋಟ್‌ಬುಕ್ಕಿನ ಪೆಸಿಫಿಕ್‌ನಲ್ಲೂ ಅದೇ ಇರುತ್ತಿತ್ತು.

ಆ ಕಿಟಕಿಗೆ ಸರಳು ಇರಲಿಲ್ಲ. ಕೊಲಂಬಸ್ ಹೇಗೆ ಹೋದ ಅಂದರೆ ಸಾಕು, ಯಾವನಾದರೂ ಒಬ್ಬ ಕಿಟಕಿಯಿಂದ ಹಾರಿ ಅಡುಗೆಮನೆಯ ಅಂಗಳಕ್ಕೆ ಬಿದ್ದು, ಸುತ್ತಿಕೊಂಡು ಬಾಗಿಲಿನಿಂದ ಒಳಗೆ ಬರುತ್ತಿದ್ದ. ಇಂಡಿಯಾಕ್ಕೆ ಹೊರಟವನು ಅಡುಗೆಮನೆಗೆ ಬಿದ್ದ ಎಂದು ನಾನು ಪಾಠ ಮುಂದುವರಿಸುತ್ತಿದ್ದೆ. ಈಗ ಕಿಟಕಿಯನ್ನು ಮುಚ್ಚಿಸಿ ಅಲ್ಲಿ ಸ್ಮಾರ್ಟ್ ಬೋರ್ಡ್ ಹಾಕಿದ್ದಾರೆ. ಬಟನ್ ಒತ್ತಿದರೆ ಹಡಗು ತಾನೇ ಹೋಗುತ್ತದೆ. ಮಂಡಿ ತರಚಿಕೊಳ್ಳದೆ ಮಕ್ಕಳಿಗೆ ಅಮೇರಿಕ ಹೇಗೆ ನೆನಪಿರುತ್ತದೋ ನಾನು ಕಾಣೆ.

ಅದೇ ಕಿಟಕಿಯಲ್ಲಿ ಕೆಂಚಮ್ಮ ಬಂದು ನಿಲ್ಲುತ್ತಿದ್ದಳು. ಅಟ್ಲಾಂಟಿಕ್ ಸಾಗರದ ನಡುಮಧ್ಯೆ, ಸೊಂಟದವರೆಗೆ, ಕೈಯಲ್ಲಿ ಸೌಟು. ಮೊದಮೊದಲು ನಾನು ಗದರಿಸಿ ಅಟ್ಟುತ್ತಿದ್ದೆ. ಒಂದು ದಿನ ಅವಳು, "ಸಾ, ಮೆಣ್ಸಿನ್ಕಾಯಿ ಬರೋಕ್ ಮುಂಚೆ ನಮ್ಮೋರು ಸಾರಿಗೆ ಏನಾಕ್ತಿದ್ರು?" ಅಂದಳು. ಕರಿಮೆಣಸು ಎಂದೆ. "ಕಾರ ಸಾಲ್ತಿತ್ತಾ?" ಅಂದಳು. ಅಂಥ ಪ್ರಶ್ನೆಯನ್ನು ನನಗೆ ಯಾವ ಇನ್‌ಸ್ಪೆಕ್ಟರೂ ಕೇಳಿರಲಿಲ್ಲ. ಅಂದಿನಿಂದ ಅವಳನ್ನು ಅಟ್ಟುವುದು ಬಿಟ್ಟೆ.

ಕೆಂಚಮ್ಮ ಹತ್ತನೇ ಕ್ಲಾಸು ಫೇಲು. ಉಳಿದ ಎಲ್ಲದರಲ್ಲೂ ಪಾಸಾಗಿ, ಸಮಾಜದಲ್ಲಿ ನಾಲ್ಕು ಅಂಕಕ್ಕೆ ಮುಗ್ಗರಿಸಿ, ಮದುವೆಯಾಗಿ, ಇಬ್ಬರು ಹೆಣ್ಣುಮಕ್ಕಳಾಗಿ, ಈ ಅಡುಗೆಮನೆಗೆ ಬಂದವಳು. ಊಟದ ಯೋಜನೆಯನ್ನು ನೋಡಿಕೊಳ್ಳುವ ಮೇಲ್ವಿಚಾರಕಿಯ ಹುದ್ದೆಗೆ ಹತ್ತನೇ ಕ್ಲಾಸು ಪಾಸಾಗಿರಬೇಕು. ನಲವತ್ತು ದಾಟಿದರೆ ಅರ್ಜಿಯನ್ನೇ ಮುಟ್ಟುವುದಿಲ್ಲ ಎಂದು ಆಫೀಸಿನಲ್ಲಿ ಅವಳಿಗೆ ಹೇಳಿದ್ದರಂತೆ. ಆಗ ಅವಳಿಗೆ ಮೂವತ್ತೆಂಟು. ಉಳಿದದ್ದು ಎರಡು ಪರೀಕ್ಷೆ. ಪಾಸಾದರೆ ಕುರ್ಚಿ, ಇಲ್ಲದಿದ್ದರೆ ಸಾಯುವವರೆಗೆ ಸೌಟು, ಇದು ಅವಳೇ ಹೇಳಿದ ಮಾತು. ಸಾಮ್ರಾಜ್ಯಗಳ ಭಾಗದಿಂದ ಐದು ಅಂಕದ ಪ್ರಶ್ನೆ ಒಂದು ಬಂದೇ ಬರುತ್ತಿತ್ತು, ಹೆಚ್ಚಾಗಿ ಸ್ಪೇನಿನದೇ. ಅದರ ಜೊತೆಗೆ ಭೂಪಟದಲ್ಲಿ ಜಾಗ ಗುರುತಿಸುವುದು. ಅವೆರಡು ಕೈಹಿಡಿದರೆ ಅವಳು ದಡ ಸೇರುತ್ತಿದ್ದಳು. ಹಾಗಾಗಿ ನನ್ನ ಮೂರು ವಾರದ ಎಳೆತ ಅವಳಿಗೆ ಅವಳ ಜನ್ಮದ ಪ್ರಶ್ನೆಯಾಗಿತ್ತು.

ನನ್ನ ಪಾಠದ ಕ್ರಮವೂ ಸಾಧಾರಣದ್ದಲ್ಲ. ಮುಂದಿನ ಬೆಂಚನ್ನು ಸ್ಪೇನ್ ಮಾಡುತ್ತಿದ್ದೆ, ಮೂರು ಮಕ್ಕಳು. ಪಕ್ಕದ ಬೆಂಚು ಇಂಗ್ಲೆಂಡು ಮತ್ತು ಹಾಲೆಂಡು. ಹಿಂದಿನ ಬೆಂಚುಗಳೆಲ್ಲ ವಸಾಹತುಗಳು: ಮೆಕ್ಸಿಕೊ, ಪೆರು, ಅರ್ಜೆಂಟೀನ, ಕ್ಯೂಬಾ. ವಸಾಹತುಗಳು ದಿನಾ ಮನೆಯಿಂದ ಹುರಿದ ಕಡಲೆಕಾಯಿ, ಹುಣಸೆಹಣ್ಣು, ಸೀಬೆಕಾಯಿ ತಂದು ಸ್ಪೇನಿಗೆ ಕಪ್ಪ ಒಪ್ಪಿಸಬೇಕು. ಸ್ಪೇನಿನವರು ಮೊದಲ ದಿನ ತಿಂದೇ ತಿಂದರು. ಎರಡನೆಯ ದಿನ, ತಿನ್ನಲು ಇಷ್ಟೊಂದು ಇರುವಾಗ ನಾವು ಪೆನ್ಸಿಲು ಯಾಕೆ ತರಬೇಕು ಎಂದು ಬರಿಗೈಯಲ್ಲಿ ಬಂದರು. ಬರೆಯಲು ಪೆನ್ಸಿಲು ಬೇಕಾದಾಗ ಇಂಗ್ಲೆಂಡಿಗೆ ಒಂದು ಹಿಡಿ ಕಡಲೆಕಾಯಿ ಕೊಟ್ಟು ಕೊಂಡರು. ರಬ್ಬರಿಗೆ ಹಾಲೆಂಡಿಗೆ ಇನ್ನೊಂದು ಹಿಡಿ. ನಾಲ್ಕನೆಯ ದಿನಕ್ಕೆ ಸ್ಪೇನಿನ ಜೇಬಿನಲ್ಲಿ ಸಿಪ್ಪೆ ಮಾತ್ರ, ಕಾಳೆಲ್ಲ ಪಕ್ಕದ ಬೆಂಚಿನಲ್ಲಿ. ದೂರದಿಂದ ಬೆಳ್ಳಿ ತಂದು ತಂದು ತಾವು ಏನನ್ನೂ ಮಾಡಿಕೊಳ್ಳದೆ ಕೂತವರ ಗತಿ ಇದು ಎಂದು ವಿವರಿಸಲು ನನಗೆ ಸೀಮೆಸುಣ್ಣವೇ ಬೇಕಾಗಲಿಲ್ಲ.

ಐದನೆಯ ದಿನ ಸ್ವಾತಂತ್ರ್ಯ ಹೋರಾಟ. ವಸಾಹತುಗಳು ಒಂದೊಂದಾಗಿ ಎದ್ದು, ಇನ್ನು ನಿಮಗೆ ಕಪ್ಪ ಕೊಡೆವು ಎಂದು ಸಾರಿ ಹೊರಗೆ ನಡೆಯಬೇಕು. ಅಂದು ಅಡುಗೆಮನೆಯಲ್ಲಿ ಮೊಟ್ಟೆ ಬೇಯುತ್ತಿತ್ತು. ಮೆಕ್ಸಿಕೊ ಎದ್ದು ಹೋಯಿತು, ಪೆರು ಓಡಿತು, ಕ್ಯೂಬಾ ಸರದಿ ಕಾಯದೆ ಕಿಟಕಿ ಹಾರಿತು. ಅದನ್ನು ಕಂಡು ಇಂಗ್ಲೆಂಡು, ಹಾಲೆಂಡು, ಸ್ಪೇನಿನ ಇಬ್ಬರು ಕೂಡ ತಟ್ಟೆ ಹಿಡಿದು ಪರಾರಿ. ಓಡಿದವರನ್ನು ಹಿಡಿದು ತರಲು ನಾನೂ ಹೊರಗೆ ಹೋದೆ. ಸರಿಯಾಗಿ ಆ ಗಳಿಗೆಯಲ್ಲಿ ಜಿಲ್ಲಾ ಅಧಿಕಾರಿಣಿಯೊಬ್ಬರು ಹೆಡ್‌ಮಾಸ್ಟರ ಜೊತೆ ತಪಾಸಣೆಗೆ ಬಂದರು. ಒಳಗೆ ಇದ್ದವಳು ಮುಂದಿನ ಬೆಂಚಿನ ಒಬ್ಬ ಹುಡುಗಿ ಮಾತ್ರ, ಕಣ್ಣಿನಲ್ಲಿ ನೀರು, ಮುಂದೆ ಒಂದು ರಾಶಿ ಕಡಲೆಕಾಯಿ ಸಿಪ್ಪೆ.

"ಮತ್ತವಂಗ ಎಲ್ಲಾಂ ಎಂಗೆ?" ಉಳಿದವರೆಲ್ಲ ಎಲ್ಲಿ ಎಂದು ಅವರು ತಮಿಳಿನಲ್ಲಿ ಕೇಳಿದರು.

"ಸುದಂತಿರಂ ವಾಂಗಿಟ್ಟು ಪೋಯಿಟ್ಟಾಂಗ ಮೇಡಂ," ಸ್ವಾತಂತ್ರ್ಯ ತೆಗೆದುಕೊಂಡು ಹೋದರು ಎಂದು ಸ್ಪೇನ್ ಬಿಕ್ಕಿತು.

ಹೆಡ್‌ಮಾಸ್ಟರು ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯಲು ಬರುವುದಿಲ್ಲ. ಅಧಿಕಾರಿಣಿ ಮಾತ್ರ ಬಾಯಿಗೆ ಸೆರಗು ಮುಚ್ಚಿಕೊಂಡು ಹೊರಗೆ ಹೋದರು. ಭೇಟಿ ಪುಸ್ತಕದಲ್ಲಿ 'ಒಂದು ಮಗುವಿನ ಕಡೆ ಹೆಚ್ಚು ಗಮನ ಬೇಕು' ಎಂದಷ್ಟೇ ಬರೆದರು.

ನಗಿಸುವ ಪಾಠವೇ ಎಲ್ಲವೂ ಅಂದುಕೊಳ್ಳಬೇಡಿ. ಪೆರುವಿನ ಇಂಕಾ ದೊರೆಯನ್ನು ಸೆರೆಹಿಡಿದದ್ದು, ಬಿಡುಗಡೆಗಾಗಿ ಅವನು ಒಂದು ಕೋಣೆಯನ್ನು ಚಿನ್ನದಿಂದ ತುಂಬಿಸಿ ಕೊಟ್ಟದ್ದು, ಆಮೇಲೂ ಅವನನ್ನು ಕೊಂದದ್ದು, ಅದನ್ನು ಹೇಳುವ ದಿನ ಯಾವನೂ ಕಿಟಕಿ ಹಾರುತ್ತಿರಲಿಲ್ಲ. ಕೆಂಚಮ್ಮ ಅದನ್ನು ಮೊದಲ ಸಲ ಕೇಳಿದ ದಿನ ಸೌಟು ಹಿಡಿದುಕೊಂಡೇ ಹಿಂದಕ್ಕೆ ತಿರುಗಿ ಹೋದಳು. ಮಧ್ಯಾಹ್ನದ ಸಾರಿಗೆ ಉಪ್ಪೇ ಇರಲಿಲ್ಲ. ಹೆಡ್‌ಮಾಸ್ಟರು ಹೇಳಿ ಕಳಿಸಿದರೆ ಅವಳು, "ಕೊಟ್ಟ ಮಾತ್ಗೆ ತಪ್ಪಿ ಕೊಂದಾಕ್ಬುಟ್ರು ಸಾ. ಅಂಥಾ ಸುದ್ದಿ ಕೇಳ್ಕಂಡು ಉಪ್ಪಿನ್ ಗ್ಯಾನ ಯಾರ್ಗಿರ್ತೈತೆ?" ಅಂದಳು. ಐನೂರು ವರ್ಷದ ಹಿಂದಿನ ಕೊಲೆಗೆ ಅಂದು ನಮ್ಮ ಶಾಲೆಯವರೆಲ್ಲ ಸಪ್ಪೆ ಸಾರು ಉಂಡೆವು.

ಇನ್ನು ನನ್ನ ದೊಡ್ಡ ತಪ್ಪಿಗೆ ಬರುತ್ತೇನೆ. ಹೊಸಬರು ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ.

ಕೃಷ್ಣಗಿರಿಯ ಮೌಲ್ಯಮಾಪನ ಕೇಂದ್ರದಲ್ಲಿ ಕನ್ನಡದ ಪತ್ರಿಕೆ ತಿದ್ದಲು ನಾವು ನಾಲ್ಕೇ ಜನ ಒಂದು ಮೇಜಿನ ಸುತ್ತ ಕೂರುತ್ತಿದ್ದೆವು. ಯಾವ ಶಾಲೆಯ ಪತ್ರಿಕೆ ಎಂದು ಗೊತ್ತಾಗಬಾರದು, ಆದರೆ ಗೊತ್ತಾಗುತ್ತಿತ್ತು. ಒಮ್ಮೆ ಎದುರಿಗೆ ಕೂತಿದ್ದ ಮೇಷ್ಟ್ರು ಓದುತ್ತಾ ಓದುತ್ತಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ಇದನ್ ಕೇಳ್ರಿ" ಎಂದರು. ಒಂದು ಮಗು ಬರೆದಿತ್ತು: '೧೮೯೮ರಲ್ಲಿ ಸ್ಪೇನ್ ದೇಶವು ಕ್ಯೂಬಾ, ಪೋರ್ಟೊರಿಕೊ ಮತ್ತು ಬಾಗಿಲನ್ನು ಕಳೆದುಕೊಂಡಿತು.' ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಮುಂದಿನ ಪತ್ರಿಕೆಯಲ್ಲೂ ಬಾಗಿಲು ಬಂತು. ಮೂರನೆಯದರಲ್ಲಿ, ಯುದ್ಧದಲ್ಲಿ ಬಾಗಿಲನ್ನು ಅಮೇರಿಕದವರು ಗೆದ್ದರು ಎಂದಿತ್ತು. ನನಗೆ ನಗು ನಿಂತು ಬೆವರಿಳಿಯಿತು.

ಕೋಣೆಯ ಬಾಗಿಲುಗಳೆಲ್ಲ ಹಗಲು ಹೊತ್ತು ತೆರೆದೇ ಇರಬೇಕು ಎಂದು ಹೆಡ್‌ಮಾಸ್ಟರ ಅಪ್ಪಣೆ. ನಮ್ಮ ಬಾಗಿಲು ಒಳಕ್ಕೆ ತೆರೆದು ಗೋಡೆಗೆ ಒರಗುತ್ತಿತ್ತು, ಶೇಷಣ್ಣ ಫಿಲಿಪ್ಪೀನ್ಸ್ ಬರೆದ ಜಾಗಕ್ಕೆ ಸರಿಯಾಗಿ. ಅದು ಅಲ್ಲಿದೆ ಎಂದು ನನಗೆ ಗೊತ್ತಿತ್ತು, ಹಾಗಾಗಿ ವರ್ಷವರ್ಷವೂ ಕೋಲು ಚಾಚಿ, "ಇದನ್ನು ಕಳೆದುಕೊಂಡರು, ಇದನ್ನು ಕಳೆದುಕೊಂಡರು, ಕೊನೆಗೆ ಇದನ್ನೂ ಕಳೆದುಕೊಂಡರು" ಅನ್ನುತ್ತಿದ್ದೆ. ಮಕ್ಕಳಿಗೆ ಕಂಡದ್ದು ಬಾಗಿಲು. ಏಳೂ ಸಾವಿರ ದ್ವೀಪಗಳು ಬಾಗಿಲ ಹಿಂದೆ ನೆರಳಲ್ಲಿದ್ದವು.

ಮುಂದಿನ ವರ್ಷ ಬಾಗಿಲು ಮುಚ್ಚಿ ಪಾಠ ಮಾಡಿದೆ. ಹೆಡ್‌ಮಾಸ್ಟರು ಬಂದು ಬಾಗಿಲು ಬಡಿದು, ಒಳಗೆ ಏನು ಮಾಡುತ್ತಿದ್ದೀರಿ ಎಂದು ಕೇಳಿದರು. ಫಿಲಿಪ್ಪೀನ್ಸ್ ತೋರಿಸುತ್ತಿದ್ದೇನೆ ಎಂದೆ. ಅವರು ಹಣೆ ಚಚ್ಚಿಕೊಂಡು ಹೊರಟುಹೋದರು.

ತಪ್ಪು ತಿದ್ದಿಕೊಂಡೆ ಎಂದು ನಾನು ಬೀಗುತ್ತಿದ್ದಾಗಲೇ ಆ ವರ್ಷದ ಫಲಿತಾಂಶ ಬಂತು. ಕೆಂಚಮ್ಮ ಮತ್ತೆ ಫೇಲು, ಈ ಸಲ ಮೂರು ಅಂಕಕ್ಕೆ. ಅವಳು ಅಳಲಿಲ್ಲ, ಪಾತ್ರೆಗಳನ್ನು ಮಾತ್ರ ಅಂದು ಬಹಳ ಹೊತ್ತು ತಿಕ್ಕಿದಳು. ನಾನು ಹೋಗಿ, ಸ್ಪೇನ್ ಪ್ರಶ್ನೆ ಬಂದಿತ್ತಲ್ಲ, ಏನು ಬರೆದೆ ಎಂದು ಕೇಳಿದೆ.

"ನೀವ್ ಹೇಳ್ಕೊಟ್ಟಂಗೇ ಬರ್ದೆ ಸಾ. ಸ್ಪೇನಿನವರು ಮೊದಲು ಇದನ್ನು ಗೆದ್ದರು, ಆಮೇಲೆ ಇದನ್ನು ಗೆದ್ದರು, ಆಮೇಲೆ ಇಲ್ಲಿಂದ ಇಲ್ಲಿಗೆ ಬೆಳ್ಳಿ ಸಾಗಿಸಿದರು."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಭೂಪಟ ಇದ್ದದ್ದು ಕಿಟಕಿಯ ಗೋಡೆಯಲ್ಲಿ. ಕಿಟಕಿಯ ಹೊರಗೆ ನಿಂತವಳಿಗೆ ಮಕ್ಕಳ ಮುಖ ಕಾಣುತ್ತಿತ್ತು, ನನ್ನ ದನಿ ಕೇಳುತ್ತಿತ್ತು, ಭೂಪಟ ಕಾಣುತ್ತಿರಲಿಲ್ಲ. ಇಡೀ ವರ್ಷ ಭೂಪಟದ ಒಳಗೇ ನಿಂತಿದ್ದವಳು ಅದನ್ನು ಒಮ್ಮೆಯೂ ನೋಡಿರಲಿಲ್ಲ. ನನ್ನ ಕೋಲಿನ ಚಟಕ್ಕೆ ಅವಳ ಒಂದು ವರ್ಷ ಹೋಗಿತ್ತು. ಅವಳಿಗೆ ಮೂವತ್ತೊಂಬತ್ತಾಗಿತ್ತು, ಉಳಿದದ್ದು ಒಂದು ಪರೀಕ್ಷೆ. ನನಗೂ ಅದು ಸೇವೆಯ ಕೊನೆಯ ವರ್ಷ. ಆ ಕೋಲನ್ನು ಅವಳ ಎದುರೇ ಮುರಿದು ಒಲೆಗೆ ಹಾಕಿದೆ.

"ಅದ್ರ ಮೇಲ್ಯಾಕ್ ಸಾ ಸಿಟ್ಟು," ಅಂದಳು ಅವಳು.

ಅಂದಿನಿಂದ ಬೆಳಿಗ್ಗೆ ಶಾಲೆಯ ಬೆಲ್ಲಿಗೆ ಮುಂಚೆ ಅರ್ಧ ಗಂಟೆ ಅವಳಿಗೆ ಬೇರೆ ಪಾಠ, ಅಡುಗೆಮನೆಯ ಅಂಗಳದಲ್ಲಿ. ಕಾಗದದ ಮೇಲೆ ಭೂಪಟ ಬರೆ ಎಂದರೆ ಅವಳಿಗೆ ಬರುತ್ತಿರಲಿಲ್ಲ. ಪೆನ್ಸಿಲು ಹಿಡಿದರೆ ದಕ್ಷಿಣ ಅಮೇರಿಕ ಬದನೆಕಾಯಿ ಆಗುತ್ತಿತ್ತು. ಒಂದು ದಿನ ಅವಳೇ, "ಚುಕ್ಕಿ ಇಟ್ಕೊಡಿ ಸಾ, ರಂಗೋಲಿ ಅಂತ ಎಳ್ದುಬುಡ್ತೀನಿ" ಅಂದಳು. ಸಗಣಿ ಸಾರಿಸಿದ ನೆಲದಲ್ಲಿ ಹದಿನೈದು ಸಾಲು ಚುಕ್ಕಿ ಇಟ್ಟೆವು. ಅಮೇರಿಕಕ್ಕೆ ಎಷ್ಟು ಚುಕ್ಕಿ, ಸ್ಪೇನಿಗೆ ಎಷ್ಟು, ಸಮುದ್ರಕ್ಕೆ ಎಷ್ಟು ಖಾಲಿ ಬಿಡಬೇಕು ಎಂದು ನಾನು ಅಟ್ಲಾಸ್ ನೋಡಿ ಹೇಳಿದೆ. ಅವಳು ಬೆರಳ ಸಂದಿಯಿಂದ ಹಿಟ್ಟು ಬಿಡುತ್ತಾ ಒಂದೇ ಎಳೆಯಲ್ಲಿ ಇಡೀ ಕರಾವಳಿ ಸುತ್ತಿ ಬಂದಳು. ಶೇಷಣ್ಣನಿಗೆ ಆ ಕೈ ಇರಲಿಲ್ಲ. ಸ್ಪೇನಿನವರು ಹಿಡಿದ ಜಾಗಕ್ಕೆಲ್ಲ ಕೆಮ್ಮಣ್ಣು ತುಂಬಿದಳು.

ನೋಡಿ ನೋಡಿ ನನಗೆ ಏನೋ ಸರಿಯಿಲ್ಲ ಅನ್ನಿಸಿತು. ಎಡಗಡೆಯಂತೆಯೇ ಬಲಗಡೆಯ ತುದಿಯಲ್ಲೂ ಒಂದು ದಕ್ಷಿಣ ಅಮೇರಿಕ ಇತ್ತು. ಅದಕ್ಕೆ ಎದುರಾಗಿ ಇನ್ನೊಂದು ಸ್ಪೇನು.

"ಕೆಂಚಮ್ಮ, ಪ್ರಪಂಚದಲ್ಲಿ ಇರುವುದು ಒಂದೇ ಸ್ಪೇನು."

"ಗೊತ್ತು ಸಾ. ಒಂದ್ ಕಡೆ ಎಳ್ದು ಇನ್ನೊಂದ್ ಕಡೆ ಬುಟ್ರೆ ಮನೇಗೆ ಆಗ್ಬರಲ್ಲ."

"ಇದು ಮನೆಯಲ್ಲ, ಭೂಪಟ."

"ಅಂಗಳದಾಗೆ ಎಳ್ದ್ ಮೇಲೆ ರಂಗೋಲೀನೇ. ಮಕ್ಳು ಉಣ್ಣೋ ಜಾಗ ಇದು."

ನಾನು ಹೇಳಿದೆ, ಗದರಿಸಿದೆ, ಕಾಲು ಹಿಡಿಯುವುದೊಂದು ಬಾಕಿ. ಎರಡು ವಾರ ಪ್ರಪಂಚಕ್ಕೆ ಎರಡು ಸ್ಪೇನು, ಎರಡು ಕ್ಯೂಬಾ, ನಾಲ್ಕು ಅಮೇರಿಕ ಇದ್ದವು. ಕಡೆಗೆ ಒಂದು ರಾಜಿಗೆ ಬಂದೆವು. ಬಲಗಡೆ ಎಳೆಯಲಿ, ಆದರೆ ಅಲ್ಲಿ ಬಳ್ಳಿ ಹೂವು ಏನಾದರೂ ಬರೆಯಲಿ, ದೇಶ ಬರೆಯಬಾರದು. ಹಾಗೆ ನಮ್ಮ ಭೂಪಟದಲ್ಲಿ ಜಪಾನಿನ ಆಚೆಗೆ ಒಂದು ದೊಡ್ಡ ಬಾಳೆಗೊನೆ ಬಂತು. ಇದನ್ನು ಬಿಟ್ಟುಕೊಡಬೇಕಾದರೆ ಅವಳು ಮೂರು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು.

ಸಾಮ್ರಾಜ್ಯದ ಅವನತಿಯನ್ನು ಮಕ್ಕಳೇ ಕಲಿಸಿಕೊಟ್ಟರು. ಮಧ್ಯಾಹ್ನದ ಬೆಲ್ಲು ಹೊಡೆದ ಕೂಡಲೇ ಊಟದ ಸಾಲು ರಂಗೋಲಿಯ ಮೇಲೆ ಹಾಯುತ್ತಿತ್ತು. ಸಾಲು ಬರುವ ದಾರಿಯಲ್ಲಿದ್ದ ಮೆಕ್ಸಿಕೊ, ಪೆರು, ಅರ್ಜೆಂಟೀನ ಮೊದಲು ಅಳಿಸಿಹೋಗುತ್ತಿದ್ದವು. ಕ್ಯೂಬಾ, ಪೋರ್ಟೊರಿಕೊ ಪುಟ್ಟವಾದ್ದರಿಂದ ಕಾಲುಗಳ ಸಂದಿಯಲ್ಲಿ ತಪ್ಪಿಸಿಕೊಂಡು ಕೊನೆಯವರೆಗೆ ಉಳಿಯುತ್ತಿದ್ದವು. ಫಿಲಿಪ್ಪೀನ್ಸ್ ನುಗ್ಗೆಮರದ ಬುಡದಲ್ಲಿತ್ತು, ಅದನ್ನು ಕೈ ತೊಳೆಯುವ ನೀರು ತೆಗೆದುಕೊಂಡು ಹೋಗುತ್ತಿತ್ತು. ಕೆಂಚಮ್ಮ ಬಡಿಸುತ್ತಲೇ ಒಂದೊಂದರ ಹೆಸರು ಹೇಳುತ್ತಿದ್ದಳು. "ಅಗೋ ಮೆಕ್ಸಿಕೊ ಹೋಯ್ತು. ಏಯ್, ತಟ್ಟೆ ಸರ್ಯಾಗ್ ಹಿಡ್ಕಳ್ಲಾ. ಅಗೋ ಪೆರು ಹೋಯ್ತು." ಅದಾದ ಮೇಲೆ ಅವಳನ್ನು ಯಾವ ಹೊತ್ತಿನಲ್ಲಿ ಎಬ್ಬಿಸಿ ಕೇಳಿದರೂ ಸ್ಪೇನು ಯಾವುದನ್ನು ಯಾವಾಗ ಕಳೆದುಕೊಂಡಿತು ಎಂದು ವರ್ಷದ ಸಮೇತ ಹೇಳುತ್ತಿದ್ದಳು. ನಮ್ಮ ತರಗತಿಯ ಯಾವ ಮಗುವಿಗೂ ಅಷ್ಟು ಬರುತ್ತಿರಲಿಲ್ಲ. ನನಗೂ ಒಂದೆರಡು ಕಡೆ ಅವಳೇ ತಿದ್ದಿದಳು.

ಪರೀಕ್ಷೆಯ ದಿನ ನಾನು ರಜೆ ಹಾಕಿ ರಾಯಕೋಟೆಯ ಕೇಂದ್ರದ ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದೆ. ನನ್ನ ಸ್ವಂತ ಮಗಳ ಪರೀಕ್ಷೆಗೂ ಹಾಗೆ ಕೂತವನಲ್ಲ. ಅವಳು ಹೊರಗೆ ಬಂದಾಗ ಪ್ರಶ್ನೆಪತ್ರಿಕೆ ಕಿತ್ತುಕೊಂಡು ನೋಡಿದೆ. ಇತ್ತು, ಐದು ಅಂಕದ್ದು: 'ಸ್ಪೇನಿನ ವಸಾಹತುಶಾಹಿಯ ಏಳುಬೀಳನ್ನು ಹತ್ತು ಸಾಲುಗಳಲ್ಲಿ ಬರೆಯಿರಿ.' ನನಗೆ ಆನಂದಕ್ಕೆ ಮೈ ಹಗುರಾಯಿತು. ಅದರ ಕೆಳಗೆ 'ಅಥವಾ' ಎಂದು ಮಳೆನೀರು ಕೊಯ್ಲಿನ ಉಪಯೋಗಗಳನ್ನು ಕೇಳಿದ್ದರು. ಭೂಪಟದಲ್ಲಿ ಕ್ಯೂಬಾ, ಫಿಲಿಪ್ಪೀನ್ಸ್ ಎರಡೂ ಬಂದಿದ್ದವು. ಬರೆದೆಯಾ ಎಂದೆ. "ಎಲ್ಲಾ ಬರ್ದಿವ್ನಿ ಸಾ, ಬಸ್ಸು ಬಂತು" ಎಂದು ಓಡಿದಳು.

ಫಲಿತಾಂಶ ಬಂದಾಗ ನಾನು ನಿವೃತ್ತನಾಗಿದ್ದೆ. ಸಮಾಜದಲ್ಲಿ ಮೂವತ್ತೈದು ಅಂಕಕ್ಕೆ ಪಾಸು, ಕೆಂಚಮ್ಮನಿಗೆ ಮೂವತ್ತಾರು. ನನ್ನ ಹೆಂಡತಿ ಅಷ್ಟಕ್ಕೇ ಯಾಕೆ ಕುಣಿಯುತ್ತೀರಿ ಎಂದಳು. ಕೆಂಚಮ್ಮನಿಗೆ ಮೇಲ್ವಿಚಾರಕಿಯ ಹುದ್ದೆ ಸಿಕ್ಕಿತು, ಅಂಚೆಟ್ಟಿಯ ಕಡೆ, ಕಾಡಿನ ಅಂಚಿನ ಒಂದು ಶಾಲೆಯಲ್ಲಿ. ಬಸ್ಸು ಇಳಿದು ಬಹಳ ನಡೆಯಬೇಕು. ಒಂದು ಸಲ ಹೋಗಿ ನೋಡಿ ಬಂದೆ. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದಳು. ನನ್ನನ್ನು ಕಂಡವಳೇ ಎದ್ದು ಆ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, ಮಜ್ಜಿಗೆ ಕೊಟ್ಟು, ಇಬ್ಬರು ಸಹಾಯಕಿಯರಿಗೂ ಇವರೇ ನಮ್ಮ ಮೇಷ್ಟ್ರು ಎಂದು ತೋರಿಸಿದಳು. ನನಗೆ ಎದೆಯುಬ್ಬಿ ಬಂತು. ಮಾತಿನ ಮಧ್ಯೆ, ಸ್ಪೇನಿಗೆ ಐದಕ್ಕೆ ಐದೂ ಕೊಟ್ಟಿರಬೇಕು, ಇಲ್ಲದಿದ್ದರೆ ಈ ಕುರ್ಚಿ ಎಲ್ಲಿ ಬರುತ್ತಿತ್ತು ಎಂದೆ.

ಕೆಂಚಮ್ಮ ಲೋಟದ ಕಡೆ ನೋಡಿದಳು. "ಸ್ಪೇನು ಬರೀಲಿಲ್ಲ ಸಾ. ಮಳೆನೀರು ಬರ್ದೆ."

ನನಗೆ ಪಿತ್ತ ನೆತ್ತಿಗೇರಿತು. ವರ್ಷಪೂರ್ತಿ ಚುಕ್ಕಿಯಿಟ್ಟು ಕಲಿಸಿದ್ದೇನೆ, ವರ್ಷದ ಸಮೇತ ಬಾಯಿಪಾಠ ಇತ್ತು, ಇನ್ನೆರಡು ಅಂಕ ಹೋಗಿದ್ದರೆ ನಿನ್ನ ಜನ್ಮವೇ ಹೋಗುತ್ತಿತ್ತು, ಮರೆತುಹೋಯಿತಾ ಎಂದು ಅವಳ ಸಹಾಯಕಿಯರ ಎದುರೇ ಕೂಗಾಡಿಬಿಟ್ಟೆ.

"ಮರೆತಿರ್ಲಿಲ್ಲ ಸಾ. ಎಲ್ಲಾ ಗ್ಯಾನದಾಗಿತ್ತು. ಬರ್ಯಾಕ್ ಕುಂತೆ, ಮೂರ್ ಗೆರೆ ಬರ್ದು ಹೊಡ್ದಾಕ್ಬುಟ್ಟೆ." ಅವಳು ನನ್ನ ಲೋಟಕ್ಕೆ ಇನ್ನಷ್ಟು ಮಜ್ಜಿಗೆ ಬಗ್ಗಿಸಿದಳು. "ಅಷ್ಟು ಊರು ಹಾಳಾಗಿ, ಅಷ್ಟು ಜನ ಸತ್ತು, ಮುನ್ನೂರು ವರ್ಷ. ಅದ್ನ ಹತ್ತು ಗೆರೇಲಿ ಬರೀರಿ, ಐದು ಮಾರ್ಕು ಅಂತ ಕೇಳ್ತಾರೆ. ನಂಗೆ ಕೈ ಬರ್ಲಿಲ್ಲ."

ಮೂವತ್ತೊಂದು ವರ್ಷ ನಾನು ಆ ಪ್ರಶ್ನೆಯನ್ನು ಕೊಟ್ಟಿದ್ದೆ. ಸಾವಿರಾರು ಉತ್ತರ ತಿದ್ದಿದ್ದೆ. ಹನ್ನೊಂದನೆಯ ಸಾಲು ಬರೆದವರಿಗೆ ಅರ್ಧ ಅಂಕ ಕಳೆದಿದ್ದೆ.